ದಡ ತೆರೆದದ್ದು, ದಡ ಮುಚ್ಚಿದ್ದು

ಎಲ್ಲರಿಗೂ ನಮಸ್ಕಾರ. ವಿಯೆಟ್ನಾಂ ದೋಣಿ ನಿರಾಶ್ರಿತರು, ಅಂದರೆ 1975ರಲ್ಲಿ ಯುದ್ಧ ಮುಗಿದ ಮೇಲೆ ದೋಣಿಯೇರಿ ದೇಶ ಬಿಟ್ಟವರು, ಅಂದಕೂಡಲೇ ನಮಗೆ ನೆನಪಾಗುವುದು ಬಿರುಗಾಳಿ, ಕಡಲ್ಗಳ್ಳರು, ಮುಳುಗಿದ ದೋಣಿಗಳು. ಇವತ್ತು ನಾನು ಹೇಳಹೊರಟಿರುವುದು ಕಾಗದಪತ್ರದ ಕಥೆ. ಅವರು ದಡ ಸೇರುವುದು ಎಷ್ಟೋ ಸಲ ಎಲ್ಲೋ ದೂರದ ದೇಶದ ವೀಸಾ ಲೆಕ್ಕದ ಮೇಲೆ ನಿಂತಿತ್ತು.

ಮಲೇಷ್ಯಾದ ಪೂರ್ವ ಕರಾವಳಿಯಾಚೆ ಪುಲಾವ್ ಬಿಡೊಂಗ್ ಎಂಬ ಪುಟ್ಟ ದ್ವೀಪವಿದೆ. (ಪುಲಾವ್ ಅಂದರೆ ಅಲ್ಲಿ ದ್ವೀಪ, ತಿನ್ನುವ ಪಲಾವ್ ಅಲ್ಲ.) 1978ರ ಆಗಸ್ಟ್‌ನಲ್ಲಿ ಅಲ್ಲಿ ಶಿಬಿರ ತೆರೆದಾಗ ಸುಮಾರು 4,500 ಜನರಿಗೆ ಜಾಗ ಎಂದುಕೊಂಡಿದ್ದರು. ಮರುವರ್ಷದ ಜೂನ್ ಹೊತ್ತಿಗೆ ಅಲ್ಲಿದ್ದವರು ಸುಮಾರು 40,000. ಒಡೆದ ದೋಣಿಗಳ ಹಲಗೆಯಿಂದಲೇ ಗುಡಿಸಲು ಕಟ್ಟಿ, ಅದರ ಮೇಲೆ ಅಟ್ಟ ಕಟ್ಟಿಕೊಂಡರು. ಕುಡಿಯುವ ನೀರನ್ನೂ ಆಚೆಯಿಂದ ತರಬೇಕಾಯಿತು.

ನೆಂಟರಿಗೆ ಎರಡು ದಿನ ಊಟ ಹಾಕಲು ಯಾರೂ ಗೊಣಗುವುದಿಲ್ಲ. ಯಾವಾಗ ಹೊರಡುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಮಾತ್ರ ಮನೆಯಾಕೆಯ ಮುಖ ಬಾಡುತ್ತದೆ. ಮಲೇಷ್ಯಾಕ್ಕೆ ಆದದ್ದೂ ಹಾಗೆಯೇ. ಆ ಜೂನ್ ಒಂದೇ ತಿಂಗಳಲ್ಲಿ ಇಡೀ ಆಗ್ನೇಯ ಏಷ್ಯಾ ಪ್ರದೇಶಕ್ಕೆ 54,000ಕ್ಕೂ ಹೆಚ್ಚು ಜನ ಬಂದರು. ಇನ್ನು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಮಲೇಷ್ಯಾ ಸೇರಿದ ಅಲ್ಲಿನ ಒಕ್ಕೂಟವಾದ ಆಸಿಯಾನ್‌ನ ದೇಶಗಳು ಘೋಷಿಸಿದವು. ಬಂದ ದೋಣಿಗಳನ್ನು ಮತ್ತೆ ಕಡಲಿಗೆ ಎಳೆದು ಬಿಟ್ಟದ್ದೂ ಉಂಟು. ಇದು ಕ್ರೌರ್ಯವೇ, ನಾನು ಸಮರ್ಥಿಸುವುದಿಲ್ಲ. ಆದರೆ ಇದನ್ನು ಸಡಿಲಿಸಿದ್ದು ಬುದ್ಧಿಮಾತಲ್ಲ, 1979ರ ಜುಲೈನಲ್ಲಿ ಜಿನೀವಾದಲ್ಲಿ ಕುದುರಿದ ಒಪ್ಪಂದ. ಪುನರ್ವಸತಿಗೆ ದೂರದ ದೇಶಗಳು ಒಪ್ಪಿದ ಸಂಖ್ಯೆ 1,25,000ದಿಂದ 2,60,000ಕ್ಕೆ ಏರಿತು. ಇತ್ತ ದಡಗಳು ತೆರೆದವು.

ಹಡಗುಗಳ ವಿಷಯದಲ್ಲೂ ಇದೇ ಲೆಕ್ಕ. ಮುಳುಗುತ್ತಿದ್ದವರನ್ನು ಹತ್ತಿಸಿಕೊಂಡ ಸರಕು ಹಡಗಿಗೆ ಬಂದರಿನಲ್ಲಿ ಅವರನ್ನು ಇಳಿಸಲು ಬಿಡುತ್ತಿರಲಿಲ್ಲ. ಹಾಗಾಗಿ ಕೆಲವು ಕಪ್ತಾನರು ನೋಡಿಯೂ ನೋಡದಂತೆ ಸಾಗಿದರು. ಆಮೇಲೆ ಅಮೆರಿಕ ಸೇರಿ ಎಂಟು ದೇಶಗಳು, ಹೀಗೆ ಇಳಿದವರಿಗೆ ನೆಲೆ ಕೊಡುವುದು ನಮ್ಮ ಹೊಣೆ ಎಂದು ಜಂಟಿಯಾಗಿ ಬರೆದುಕೊಟ್ಟವು.

ಕೆನಡಾದ್ದು ನನಗೆ ಬಹಳ ಇಷ್ಟದ ಪ್ರಸಂಗ. ಐದು ಜನ ಸೇರಿದರೆ ಅಥವಾ ಒಂದು ಚರ್ಚ್ ಮುಂದೆ ಬಂದರೆ ಒಂದು ಕುಟುಂಬದ ಒಂದು ವರ್ಷದ ಹೊಣೆ ಹೊರಬಹುದಿತ್ತು: ಬಾಡಿಗೆ, ದಿನಸಿ, ಮಕ್ಕಳ ಶಾಲೆ. 1979-80ರಲ್ಲಿ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಹೀಗೆ ಜನಸಾಮಾನ್ಯರೇ ಕರೆಸಿಕೊಂಡರು. ಮಾಂಟ್ರಿಯಲ್ ಮತ್ತು ಎಡ್ಮಂಟನ್‌ನ ಸೇನಾ ನೆಲೆಗಳಲ್ಲಿ ಇಳಿಸಿ, ವೈದ್ಯಕೀಯ ತಪಾಸಣೆ ಮಾಡಿ, ಚಳಿಗಾಲದ ಕೋಟು ಕೊಟ್ಟು ಕಳಿಸುತ್ತಿದ್ದರು. 1986ರಲ್ಲಿ ನಿರಾಶ್ರಿತರಿಗೆ ನೆರವಾದವರಿಗೆ ವಿಶ್ವಸಂಸ್ಥೆ ಕೊಡುವ ನಾನ್ಸೆನ್ ಪದಕ ಕೆನಡಾದ ಜನತೆಗೇ ಸಂದಿತು. ಬ್ರಿಟನ್ ತನಗೆ ಬಂದವರನ್ನು ಊರಿಗೆ ನಾಲ್ಕಾರು ಕುಟುಂಬದಂತೆ ಚದುರಿಸಿತು. ತಮ್ಮ ಭಾಷೆಯವರಿಲ್ಲ, ಕೆಲಸವಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಗಂಟುಮೂಟೆ ಕಟ್ಟಿ ಲಂಡನ್, ಬರ್ಮಿಂಗ್‌ಹ್ಯಾಮ್ ಸೇರಿಕೊಂಡರು.

ದೂರದ ದೇಶಗಳು ದಣಿದಾಗ ದಡವೂ ಬಿಗಿಯಿತು. ಹಾಂಗ್‌ಕಾಂಗ್‌ನಲ್ಲಿ 1988ರ ಜೂನ್ 16ರಿಂದ ಇಳಿದವರು ಬಂಧನ ಶಿಬಿರದಲ್ಲಿದ್ದುಕೊಂಡೇ ತಾವು ನಿರಾಶ್ರಿತರೆಂದು ಸಾಬೀತು ಮಾಡಬೇಕಾಯಿತು. ಹಿಂದಿನ ದಿನ ಇಳಿದವರಿಗೆ ಈ ಪರೀಕ್ಷೆಯಿಲ್ಲ. 1989ರ ಡಿಸೆಂಬರ್ 12ರ ನಸುಕಿನಲ್ಲಿ, ಪರೀಕ್ಷೆಯಲ್ಲಿ ಸೋತ 51 ಮಂದಿಯನ್ನು ವಿಮಾನ ಹತ್ತಿಸಿ ಹನೋಯ್‌ಗೆ ವಾಪಸ್ ಕಳಿಸಿದರು.