ನಿಂತಿತು, ನಿಂತೇ ಹೋಯಿತು

ಕೇಳುಗರಿಗೆ ನಮಸ್ಕಾರ.

ಒಮ್ಮೆ ಮಳೆಗಾಲದಲ್ಲಿ ಮಂಗಳೂರಿಗೆ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆ ಇಳಿಯುವಾಗ ಬಸ್ಸು ನಿಂತಿತು. ಮುಂದೆ ಎಲ್ಲೋ ಗುಡ್ಡ ಜರಿದಿದೆಯಂತೆ. ಮೊದಲ ಹತ್ತು ನಿಮಿಷ ಡ್ರೈವರ್ ಇಂಜಿನ್ ಆಫ್ ಮಾಡಲೇ ಇಲ್ಲ. ಈಗ ಬಿಡ್ತಾರೆ, ಈಗ ಬಿಡ್ತಾರೆ ಅಂತ ಆಸೆ. ಆಮೇಲೆ ಕೀ ತಿರುಗಿಸಿದರು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಅಲ್ಲಿಯವರೆಗೆ ಆಗಿದ್ದು ಬರೀ 'ಸ್ಟಾಪ್'. ಆ ಗಳಿಗೆಯಿಂದ ಅದು 'ಸ್ಟ್ಯಾಂಡ್‌ಸ್ಟಿಲ್'.

ಇವತ್ತು ಈ ಪದದ ಬಗ್ಗೆಯೇ ನಾಲ್ಕು ಮಾತು.

ಸ್ಟ್ಯಾಂಡ್ ಅಂದರೆ ನಿಲ್ಲು, ಸ್ಟಿಲ್ ಅಂದರೆ ಅಲುಗಾಡದೆ. ಪತ್ರಿಕೆಯವರು ಇದಕ್ಕೆ 'ಸ್ತಬ್ಧ' ಅಂತ ಬರೆಯುತ್ತಾರೆ, ಕಚೇರಿಯವರು 'ಸ್ಥಗಿತ' ಅನ್ನುತ್ತಾರೆ. ನನಗೇನೋ ಮನೆಮಾತೇ ಇಷ್ಟ. 'ನಿಂತಿತು' ಅಂದರೆ ಸ್ಟಾಪ್, 'ನಿಂತೇ ಹೋಯಿತು' ಅಂದರೆ ಸ್ಟ್ಯಾಂಡ್‌ಸ್ಟಿಲ್. ಆ ಒಂದು 'ಏ'ಕಾರ ಎಷ್ಟು ಕೆಲಸ ಮಾಡುತ್ತದೆ ನೋಡಿ!

'ಹಾಲ್ಟ್' ಬೇರೆ. ಹಳ್ಳಿಗೆ ರಾತ್ರಿ ಬರುವ ಹಾಲ್ಟಿಂಗ್ ಬಸ್ ಬೆಳಗಾದರೆ ಹೊರಡುತ್ತದೆ. ಉತ್ತರ ಕರ್ನಾಟಕದವರು ಅದನ್ನೇ ವಸ್ತಿ ಬಸ್ ಅನ್ನುತ್ತಾರೆ. ಘಾಟಿಯಲ್ಲಿ ಸಿಕ್ಕಿಬಿದ್ದ ಬಸ್ಸಿಗೆ ಅಂಥ ಹೊತ್ತುಗೊತ್ತು ಇಲ್ಲ.

ಬಳಸುವಾಗ ಒಂದು ಎಚ್ಚರ. ಇದು ನಾಮಪದ. 'ಬಸ್ ಸ್ಟ್ಯಾಂಡ್‌ಸ್ಟಿಲ್ಡ್' ಅಂದರೆ ತಪ್ಪು. 'ಟ್ರಾಫಿಕ್ ಕೇಮ್ ಟು ಎ ಸ್ಟ್ಯಾಂಡ್‌ಸ್ಟಿಲ್' ಅನ್ನಬೇಕು. ಮುಷ್ಕರದಿಂದ ಊರೇ ನಿಂತರೆ 'ಬ್ರಾಟ್ ದಿ ಸಿಟಿ ಟು ಎ ಸ್ಟ್ಯಾಂಡ್‌ಸ್ಟಿಲ್'. ನಡುವಿನ ಆ ಪುಟ್ಟ 'ಎ' ನಮ್ಮವರ ಬಾಯಲ್ಲಿ ಸುಮ್ನೆ ಜಾರಿಹೋಗುತ್ತದೆ, ಬಿಡಬೇಡಿ. ಇನ್ನೊಂದು, ಚಲಿಸಬೇಕಾದದ್ದು ನಿಂತರೆ ಮಾತ್ರ ಈ ಪದ. ಮೇಜು, ಗೋಡೆಗೆಲ್ಲ ಸಲ್ಲದು.

ಆದರೆ ಇದೇ ಪದ ಚರಿತ್ರೆಯಲ್ಲಿ ಒಂದು ಕಡೆ ತಿರುವುಮುರುವಾಗಿದೆ. 1947ರ ನವೆಂಬರ್ 29ರಂದು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತದ ಜೊತೆ 'ಸ್ಟ್ಯಾಂಡ್‌ಸ್ಟಿಲ್ ಅಗ್ರಿಮೆಂಟ್' ಮಾಡಿಕೊಂಡರು. ಆಗ ಬೀದರ್, ಕಲಬುರಗಿ, ರಾಯಚೂರು ಅವರ ರಾಜ್ಯದಲ್ಲೇ ಇದ್ದವು. ಹೆಸರು ಕೇಳಿದರೆ ಎಲ್ಲ ನಿಲ್ಲಿಸುವ ಒಪ್ಪಂದ ಅನ್ನಿಸುತ್ತದೆ, ಅಲ್ವಾ? ಅಲ್ಲ. ಏನನ್ನೂ ನಿಲ್ಲಿಸಬಾರದು ಅನ್ನುವುದೇ ಅದರ ಉದ್ದೇಶ. ರಕ್ಷಣೆ, ವಿದೇಶಾಂಗ, ಸಂಪರ್ಕ ಇವುಗಳಲ್ಲಿ ಬ್ರಿಟಿಷರ ಕಾಲದ ಏರ್ಪಾಡು ಒಂದು ವರ್ಷ ಇದ್ದ ಹಾಗೇ ಮುಂದುವರಿಯಬೇಕು. ಇಲ್ಲಿ ಸ್ಟಿಲ್ ಅಂದರೆ 'ಇದ್ದ ಹಾಗೇ'. ಅದಕ್ಕೇ ಕನ್ನಡದಲ್ಲಿ 'ಯಥಾಸ್ಥಿತಿ ಒಪ್ಪಂದ' ಅಂದರು. 'ಸ್ತಬ್ಧ ಒಪ್ಪಂದ' ಅಂದಿದ್ದರೆ ಅರ್ಥವೇ ಕೆಡುತ್ತಿತ್ತು.

ಆ ಒಂದು ವರ್ಷವೂ ತುಂಬಲಿಲ್ಲ. ಎರಡೂ ಕಡೆ ದೂರು, ನಿಜಾಮರ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಕಲಬುರಗಿಯ ಕಡೆ ಇವತ್ತಿಗೂ ಪ್ರತಿ ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುತ್ತಾರೆ.

ಇನ್ನು ನಮ್ಮ ಬಸ್ಸು. ಕತ್ತಲಾದ ಮೇಲೆ ಮುಂದಿನ ಲಾರಿಯ ಹಿಂದೀಪ ಹೊತ್ತಿಕೊಂಡಿತು. ಕೆಳಗೆ ನಿಂತು ಹರಟುತ್ತಿದ್ದವರೆಲ್ಲ ಓಡಿಬಂದು ಹತ್ತಿದರು. ಕಂಡಕ್ಟರ್ ತಲೆ ಎಣಿಸಿ, ಬಾಗಿಲು ಎಳೆದುಕೊಂಡು 'ರೈಟ್!' ಅಂದರು. ಯಾವ ಇಂಗ್ಲಿಷ್ ನಿಘಂಟಿನ ಯಾವ ಅರ್ಥವೋ ಅದು! ಆ ಪದದ ಕಥೆ ಇನ್ನೊಮ್ಮೆ ಹೇಳುತ್ತೇನೆ.

ನಮಸ್ಕಾರ.