ಮಣಿಕಟ್ಟಿನ ನರಕ್ಕೆ ಆಪರೇಷನ್: ಯಾವಾಗ ಬೇಕು?

ಕೇಳುಗರಿಗೆ ನಮಸ್ಕಾರ.

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಬೆರಳುಗಳಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿನಲ್ಲಿ ಹಗುರವಾಗುತ್ತದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಬಹಳ ಮಂದಿಯಲ್ಲಿ ಶುರುವಾಗುವುದು ಹೀಗೆಯೇ. ಹೆಸರು ಗೊತ್ತಾದ ಕೂಡಲೇ ಬರುವ ಪ್ರಶ್ನೆ: ಆಪರೇಷನ್ ಮಾಡಿಸಲೇಬೇಕಾ?

ಮಣಿಕಟ್ಟಿನೊಳಗೆ ಕಾರ್ಪಲ್ ಟನಲ್ ಎಂಬ ಒಂದು ಕಿರಿದಾದ ದಾರಿ ಇದೆ. ಕೆಳಗೆ ಕಮಾನಿನಂತೆ ಕೂತ ಮೂಳೆಗಳು, ಮೇಲೆ ಅಂಗೈ ಕಡೆಯಿಂದ ಬಿಗಿದ ಗಟ್ಟಿ ಪಟ್ಟಿ. ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಹಾದುಹೋಗಬೇಕು. ಒಳಗೆ ಊತ ಬಂದರೆ ಮೂಳೆ ಸರಿಯುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ. ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಭಾಗ, ಇಷ್ಟಕ್ಕೆ ಸ್ಪರ್ಶ ಕೊಡುವುದು ಈ ನರ. ಜೋಮು ಕಿರುಬೆರಳಿನಲ್ಲೇ ಹೆಚ್ಚಾಗಿದ್ದರೆ ತೊಂದರೆ ಬೇರೆ ನರದ್ದಿರಬಹುದು, ಕುತ್ತಿಗೆಯದ್ದೂ ಇರಬಹುದು. ಅದನ್ನು ಬಗೆಹರಿಸಿಕೊಳ್ಳದೆ ಮಣಿಕಟ್ಟಿಗೆ ಕತ್ತರಿ ಹಾಕಿಸಬಾರದು.

ಜೋಮು ಬಂದು ಹೋಗುತ್ತಿದ್ದು, ಹಗಲೆಲ್ಲ ಬೆರಳು ಸರಿಯಾಗಿದ್ದರೆ ಅವಸರವೇನಿಲ್ಲ. ಮಲಗುವಾಗ ನಮಗೆ ಗೊತ್ತಿಲ್ಲದೆ ಮಣಿಕಟ್ಟು ಮಡಚಿಕೊಂಡು ಒಳಗಿನ ಒತ್ತಡ ಏರುತ್ತದೆ. ಅದಕ್ಕೇ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿಯುವ ಸ್ಪ್ಲಿಂಟ್ ಕಟ್ಟಿಕೊಳ್ಳಬೇಕು. ಎರಡು ರಾತ್ರಿ ಕಟ್ಟಿ ಮೂಲೆಗೆಸೆದರೆ ಆಗಲಿಲ್ಲ, 6 ವಾರವಾದರೂ ಬಿಡದೆ ಕಟ್ಟಿ ನೋಡಿ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಸಂಧಿವಾತ ಇದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು. ಗರ್ಭಿಣಿಯರಲ್ಲಿ ಕಾಣಿಸಿಕೊಂಡದ್ದು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಸ್ಪ್ಲಿಂಟ್ ಸಾಲದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಅದು ಹಲವರಿಗೆ ಕೆಲವು ತಿಂಗಳು ಚೆನ್ನಾಗಿ ಆರಾಮ ಕೊಡುತ್ತದೆ, ಆದರೆ ಎಷ್ಟೋ ಮಂದಿಗೆ ತೊಂದರೆ ಮರುಕಳಿಸುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆಪರೇಷನ್ ಬೇಕೋ ಬೇಡವೋ ಎಂಬುದನ್ನು ನೋವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ವರ್ಷಗಟ್ಟಲೆ ರಾತ್ರಿ ನರಳಿದವರು ಒಂದು ದಿನ "ಈಗ ನೋವೇ ಇಲ್ಲ, ಬೆರಳು ಮಾತ್ರ ಮರಗಟ್ಟಿದೆ" ಎಂದು ನೆಮ್ಮದಿಯಿಂದ ಹೇಳುತ್ತಾರೆ. ನನಗೆ ಆತಂಕವಾಗುವುದು ಆಗಲೇ. ಅಲ್ಲಿ ಕಾಯಿಲೆ ಇಳಿದಿಲ್ಲ, ನೋವನ್ನು ತಿಳಿಸುವ ಶಕ್ತಿಯನ್ನೇ ನರ ಕಳೆದುಕೊಳ್ಳುತ್ತಿದೆ. ಬಂದು ಹೋಗುತ್ತಿದ್ದ ಜೋಮು ಹಗಲೂ ರಾತ್ರಿಯೂ ಬಿಡದೆ ಇರುತ್ತಿದ್ದರೆ ಇನ್ನು ಕಾಯುತ್ತ ಕೂರಬಾರದು.

ಹೆಬ್ಬೆರಳಿನ ಬುಡದ ಸ್ನಾಯುವಿಗೆ ಬಲ ಕೊಡುವುದೂ ಇದೇ ನರ, ಹಾಗಾಗಿ ಹೆಬ್ಬೆರಳನ್ನೂ ನೋಡಿಕೊಳ್ಳಿ. ಅಂಗಿಯ ಗುಂಡಿ ಹಾಕಲು ತಡಕಾಡುವಂತಾಗಿದೆಯೇ? ಜೇಬಿನೊಳಗಿನ ನಾಣ್ಯ ಯಾವುದೆಂದು ಮುಟ್ಟಿ ಹೇಳಲು ಆಗುತ್ತಿಲ್ಲವೇ? ಹಿಡಿದ ಲೋಟ ಜಾರುತ್ತಿದೆಯೇ? ಎರಡೂ ಅಂಗೈಗಳನ್ನು ಬೆಳಕಿಗೆ ಒಡ್ಡಿ, ಹೆಬ್ಬೆರಳಿನ ಬುಡದ ದಪ್ಪ ಮಾಂಸಖಂಡವನ್ನು ಪಕ್ಕದಿಂದ ನೋಡಿ. ಒಂದು ಕೈಯಲ್ಲಿ ಅದು ತುಂಬಿಕೊಂಡಿದ್ದು, ಇನ್ನೊಂದರಲ್ಲಿ ಚಪ್ಪಟೆಯಾಗಿ ಮೂಳೆ ಎದ್ದು ಕಾಣುತ್ತಿದ್ದರೆ ಆ ಸ್ನಾಯು ಸೊರಗುತ್ತಿದೆ. ಆಗ ಸ್ಪ್ಲಿಂಟು, ಇಂಜೆಕ್ಷನ್ನು ಎಂದು ದಿನ ದೂಡುವುದು ನನಗೆ ಒಪ್ಪಿಗೆಯಿಲ್ಲ.

ನರದ ವೇಗ ಅಳೆಯುವ ಪರೀಕ್ಷೆ ಈ ನಿರ್ಧಾರಕ್ಕೆ ನೆರವಾಗುತ್ತದೆ. ಕೆಲವರಲ್ಲಿ ಲಕ್ಷಣ ಸ್ಪಷ್ಟವಿದ್ದರೂ ವರದಿ ಸರಿಯಾಗಿಯೇ ಬರಬಹುದು. ಹಾಗಾಗಿ ವರದಿಯನ್ನೂ ಕೈಯನ್ನೂ ಒಟ್ಟಿಗೆ ನೋಡುವ ವೈದ್ಯರ ಮಾತು ಕೇಳಿ. ನರ ಇನ್ನೂ ಚೆನ್ನಾಗಿದ್ದು, ಸ್ಪ್ಲಿಂಟ್ ಕಟ್ಟಿಯೂ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡುವವರು ಆಪರೇಷನ್ ಬಯಸಿದರೆ ಅದೂ ಸರಿಯಾದ ಕಾರಣವೇ. ಪೆಟ್ಟು ಬಿದ್ದು ಮಣಿಕಟ್ಟಿನ ಮೂಳೆ ಮುರಿದು, ಬೆರಳು ಬೇಗಬೇಗನೆ ಮರಗಟ್ಟುತ್ತ ನೋವು ಏರುತ್ತಿದ್ದರೆ ಮಾತ್ರ ಅದು ತುರ್ತು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ನಿನಲ್ಲಿ ಮಾಡುವುದಿಷ್ಟೇ: ಆ ಗಟ್ಟಿ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಕೊಡುವುದು. ಹೆಚ್ಚಾಗಿ ಕೈಯಷ್ಟಕ್ಕೇ ಮರವಿನ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಹೊಲಿಗೆ ಸುಮಾರು ಎರಡು ವಾರಕ್ಕೆ ಬಿಚ್ಚುತ್ತಾರೆ. ಸೋಂಕು, ನರಕ್ಕೆ ಗಾಯ ಅಪರೂಪವಾದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಂಗೈ ಊರಿದಾಗ ನೋವು, ಹಿಡಿತ ಸಡಿಲ ಎನಿಸುವುದು ಕೆಲವು ತಿಂಗಳು ಇರಬಹುದು, ಅದಕ್ಕೆ ಗಾಬರಿಯಾಗಬೇಡಿ. ರಾತ್ರಿಯ ನೋವು ಸಾಮಾನ್ಯವಾಗಿ ಬೇಗ ಹೋಗುತ್ತದೆ. ಮರಗಟ್ಟಿದ ಬೆರಳಿಗೆ ಸ್ಪರ್ಶ ಮರಳಲು ತಿಂಗಳುಗಳೇ ಬೇಕು, ಬಹಳ ತಡವಾಗಿದ್ದರೆ ಪೂರ್ತಿ ಮರಳದೆಯೂ ಇರಬಹುದು. ಸೊರಗಿದ ಸ್ನಾಯುವಿನ ಮಾತೂ ಹಾಗೆಯೇ. ಅಂಥವರಲ್ಲಿ ಬೇರೆ ಬೆರಳಿನ ಸ್ನಾಯುರಜ್ಜುವನ್ನು ತಿರುಗಿಸಿ ಜೋಡಿಸಿ ಹೆಬ್ಬೆರಳಿಗೆ ಬಲ ತುಂಬುವ ಇನ್ನೊಂದು ಆಪರೇಷನ್ ಇದೆ. ಹಾಗಾಗಿ ತಡವಾಗಿ ಬಂದವರಿಗೂ ದಾರಿ ಮುಚ್ಚಿಲ್ಲ. ನಮಸ್ಕಾರ.