ಕಂಟೇನರ್ ಹೋದರೆ ಹೋಗಲಿ, ಡೇಟಾ ಉಳಿಯಲಿ

ಕೇಳುಗರಿಗೆ ನಮಸ್ಕಾರ. ಮೊಬೈಲ್ ಆ್ಯಪ್ ಮಾಡುವವರಲ್ಲಿ ಸ್ವಲ್ಪ ಹಳಬರಿಗೆ ಪಾರ್ಸ್ ಅನ್ನೋ ಸೇವೆಯ ಹೆಸರು ನೆನಪಿರುತ್ತದೆ. ಲಾಗಿನ್, ಡೇಟಾಬೇಸ್, ಫೋಟೋ ಇಡುವ ಜಾಗ, ನೋಟಿಫಿಕೇಶನ್, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಾವು ಆ್ಯಪ್ ಬರೆದರೆ ಸಾಕಿತ್ತು. 2013ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. 2016ರ ಜನವರಿಯಲ್ಲಿ, ಇನ್ನೊಂದು ವರ್ಷಕ್ಕೆ ಬಾಗಿಲು ಹಾಕುತ್ತೇವೆ ಅಂತ ಹೇಳಿಬಿಟ್ಟರು. ಆದರೆ ಒಂದು ಒಳ್ಳೆಯ ಕೆಲಸ ಮಾಡಿದರು. ಪಾರ್ಸ್ ಸರ್ವರ್ ಅಂತ ಓಪನ್ ಸೋರ್ಸ್ ತಂತ್ರಾಂಶ ಬಿಟ್ಟು, ನಿಮ್ಮ ಯಂತ್ರದಲ್ಲಿ ನೀವೇ ನಡೆಸಿಕೊಳ್ಳಿ ಅಂದರು. ಅದು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ, ಅದನ್ನು ಡಾಕರ್‌ನಲ್ಲಿ, ಅಂದರೆ ತಂತ್ರಾಂಶವನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನದಲ್ಲಿ, ಹಾಕಿ ನಡೆಸುವುದು ಹೇಗೆ ಅನ್ನೋದೇ ಇವತ್ತಿನ ಮಾತು.

ಎರಡು ಕಂಟೇನರ್ ಸಾಕು. ಒಂದರಲ್ಲಿ ಪಾರ್ಸ್ ಸರ್ವರ್, ಇನ್ನೊಂದರಲ್ಲಿ ಮಾಂಗೋಡಿಬಿ ಅನ್ನೋ ಡೇಟಾಬೇಸ್. ಎರಡೂ ಕಂಟೇನರ್ ಯಂತ್ರದ ಆಪರೇಟಿಂಗ್ ಸಿಸ್ಟಂನ ತಿರುಳಾದ ಒಂದೇ ಲಿನಕ್ಸ್ ಕರ್ನಲ್ ಮೇಲೆ ಓಡುತ್ತವೆ, ಆದರೆ ಒಂದರ ಫೈಲು ಇನ್ನೊಂದಕ್ಕೆ ಕಾಣುವುದಿಲ್ಲ. ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವ ಕಂಪೋಸ್ ಫೈಲಿನಲ್ಲಿ ಡೇಟಾಬೇಸಿಗೆ ಮಾಂಗೋ ಅಂತ ಹೆಸರು ಕೊಟ್ಟರೆ ಪಾರ್ಸ್ ಸರ್ವರ್ ಆ ಹೆಸರು ಹಿಡಿದೇ ಅದನ್ನು ಹುಡುಕಿಕೊಳ್ಳುತ್ತದೆ, ಐಪಿ ವಿಳಾಸ ಬರೆಯುವ ತಲೆನೋವಿಲ್ಲ. ಆಮೇಲೆ ಡಾಕರ್ ಕಂಪೋಸ್ ಅಪ್ ಮೈನಸ್ ಡಿ ಅಂತ ಹೊಡೆದರೆ ಎರಡೂ ಏಳುತ್ತವೆ. ಚಿಕ್ಕ ಆ್ಯಪ್‌ಗೆ ಇದಕ್ಕಿಂತ ದೊಡ್ಡ ಏರ್ಪಾಡು ಬೇಡ. ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್ ಕಲಿಯಬೇಕಾ ಅಂತ ಹುಡುಗರು ಕೇಳುತ್ತಾರೆ, ಕಲಿಯಿರಿ, ಆದರೆ ಇದಕ್ಕೋಸ್ಕರ ಬೇಡ.

ಮಾಂಗೋಡಿಬಿ 5ನೇ ಆವೃತ್ತಿಯಿಂದ ಮುಂದಕ್ಕೆ ಇಂಟೆಲ್, ಎಎಮ್‌ಡಿ ಯಂತ್ರಗಳಲ್ಲಿ ಎವಿಎಕ್ಸ್ ಅನ್ನೋ ಸೂಚನೆಗಳ ಗುಂಪು ಇರುವ ಪ್ರೊಸೆಸರೇ ಬೇಕು. ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೇ ಪಿಸಿಯಲ್ಲಿ ಹಾಕಿದರೆ ಕಂಟೇನರ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿನಲ್ಲೂ ಬೇರೆ ಕಾರಣಕ್ಕೆ ಇದೇ ಪಾಡು. ಯಂತ್ರ ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಇನ್ನು ಮನೆಯ ಇಂಟರ್ನೆಟ್ಟಿನಲ್ಲಿ ತುಂಬ ಜನರಿಗೆ ಸ್ವಂತ ಪಬ್ಲಿಕ್ ಐಪಿ ಇರುವುದಿಲ್ಲ, ಹೊರಗಿನವರು ನಿಮ್ಮ ಸರ್ವರ್‌ಗೆ ನೇರವಾಗಿ ಬರೋಕೆ ಆಗೋದಿಲ್ಲ. ಅದಕ್ಕೇ ವಿಪಿಎಸ್, ಅಂದರೆ ತಿಂಗಳ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್, ವಾಸಿ.

ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಕಂಪೋಸ್ ಫೈಲಿನಲ್ಲಿ ಮಾಂಗೋಗೆ, ಹೊರಗಿನಿಂದ ಬರುವ ದಾರಿ ತೆರೆಯುವ ಪೋರ್ಟ್ಸ್ ಅನ್ನೋ ಸಾಲೇ ಬೇಡ. ತುಂಬ ಜನ ಹಾಕುತ್ತಾರೆ, 27017 ಕೋಲನ್ 27017 ಅಂತ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇವಲ್ಲ ಅನ್ನೋ ಧೈರ್ಯ. ಆದರೆ ಡಾಕರ್ ತಾನೇ ಲಿನಕ್ಸ್‌ನ ನೆಟ್‌ವರ್ಕ್ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ನಿಯಮ ಬರೆದುಕೊಂಡು ಆ ಫೈರ್‌ವಾಲನ್ನು ತಪ್ಪಿಸಿಕೊಂಡು ಹೋಗಿಬಿಡುತ್ತದೆ. ಫೈರ್‌ವಾಲ್ ಪಟ್ಟಿಯಲ್ಲಿ ಬಂದ್ ಅಂತಲೇ ಕಾಣುತ್ತದೆ, ಹೊರಗಿನಿಂದ ನೋಡಿದರೆ ಪೋರ್ಟ್ ತೆರೆದೇ ಇರುತ್ತದೆ. ಪಾರ್ಸ್ ಮುಚ್ಚಿದ್ದು 2017ರ ಜನವರಿಯಲ್ಲಿ. ಅದೇ ತಿಂಗಳು ಜಗತ್ತಿನಾದ್ಯಂತ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮಾಂಗೋ ಡೇಟಾಬೇಸ್‌ಗಳನ್ನು ಯಾರೋ ಅಳಿಸಿ ಹಾಕಿ, ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಅಂತ ಚೀಟಿ ಬಿಟ್ಟು ಹೋಗಿದ್ದರು. ದುಡ್ಡು ಕೊಟ್ಟವರಿಗೂ ಡೇಟಾ ಸಿಗುತ್ತದೆ ಅನ್ನೋ ಖಾತ್ರಿ ಇರಲಿಲ್ಲ.

ಪಾಸ್‌ವರ್ಡ್ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಮಾಂಗೋ ಇಮೇಜ್‌ಗೆ, ಅಂದರೆ ಕಂಟೇನರ್ ಹುಟ್ಟುವ ಅಚ್ಚಿಗೆ, ರೂಟ್ ಹೆಸರು, ಪಾಸ್‌ವರ್ಡ್ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಕೆಲಸ ಮಾಡುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ, ಅಂದರೆ ಮೊದಲನೇ ಸಲ. ಆಮೇಲೆ ಫೈಲಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಒಳಗೆ ಹಳೆಯದೇ ಇರುತ್ತದೆ, ಪಾರ್ಸ್ ಸರ್ವರ್ ಹೊಸದನ್ನು ಹಿಡಿದು ಬಾಗಿಲು ತಟ್ಟುತ್ತಾ ಕೂರುತ್ತದೆ. ಹಾಗಾಗಿ ಮೊದಲ ದಿನವೇ ಉದ್ದನೆಯ ಪಾಸ್‌ವರ್ಡ್ ಇಡಿ. ಪಾರ್ಸ್ ಸರ್ವರ್‌ನಲ್ಲಿ ಮಾಸ್ಟರ್ ಕೀ ಅಂತ ಇನ್ನೊಂದಿದೆ, ಅದು ಇದ್ದವರಿಗೆ ಯಾವ ಅನುಮತಿಯೂ ಬೇಕಿಲ್ಲ, ಎಲ್ಲ ಓದಬಹುದು, ಎಲ್ಲ ಅಳಿಸಬಹುದು. ಅದನ್ನು ಆ್ಯಪ್ ಒಳಗೆ ಎಂದೂ ಇಡಬೇಡಿ. ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲನ್ನು ಬಿಚ್ಚಿ ನೋಡುವುದು ಕಷ್ಟವೇನಲ್ಲ.

ಹೊರಗಿನ ಬಾಗಿಲಿಗೆ ಕ್ಯಾಡಿ ಅನ್ನೋ ವೆಬ್ ಸರ್ವರ್ ಹಾಕಿ. ಡೊಮೈನ್ ಹೆಸರು ಬರೆದು, 80 ಮತ್ತು 443 ಪೋರ್ಟ್ ತೆರೆದಿಟ್ಟರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ತಾನೇ ತರುತ್ತದೆ, ಅವಧಿ ಮುಗಿಯುವ ಮೊದಲೇ ತಾನೇ ನವೀಕರಿಸುತ್ತದೆ. ಡಾಕರ್ ಲಾಗ್‌ಗೆ ಗಾತ್ರದ ಮಿತಿ ಹಾಕಿ, ಇಲ್ಲದಿದ್ದರೆ ಡಿಸ್ಕ್ ತುಂಬುವವರೆಗೂ ಬೆಳೆಯುತ್ತದೆ. ಇಮೇಜ್ ಹೆಸರಿನ ಮುಂದೆ ಲೇಟೆಸ್ಟ್ ಅಂತ ಬರೆಯಬೇಡಿ, ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ಮಾಂಗೋ 5ರಿಂದ ನೇರ 7ಕ್ಕೆ ಹಾರೋಕೆ ಬಿಡುವುದಿಲ್ಲ, ನಡುವೆ 6ರಲ್ಲಿ ಇಳಿದೇ ಹೋಗಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬ್ಯಾಕಪ್. ಕಂಟೇನರ್ ಅಳಿಸಿದರೆ ಚಿಂತೆಯಿಲ್ಲ, ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಡೇಟಾ ಇರುವುದು ಕಂಟೇನರ್ ಹೊರಗೆ ಡಿಸ್ಕ್‌ನಲ್ಲಿರುವ ವಾಲ್ಯೂಮ್ ಅನ್ನೋ ಜಾಗದಲ್ಲಿ. ಕಂಪೋಸ್ ಡೌನ್ ಅಂದರೆ ಕಂಟೇನರ್ ಹೋಗುತ್ತದೆ, ವಾಲ್ಯೂಮ್ ಉಳಿಯುತ್ತದೆ. ಕೊನೆಗೆ ಮೈನಸ್ ವಿ ಸೇರಿಸಿದರೆ ಅದೂ ಹೋಯಿತು, ಖಚಿತವಾ ಅಂತ ಒಂದು ಮಾತೂ ಕೇಳುವುದಿಲ್ಲ. ಹಾಗಾಗಿ ರಾತ್ರಿ ಹೊತ್ತು, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್‌ನಲ್ಲಿ, ಡೇಟಾಬೇಸಿನ ಪ್ರತಿ ತೆಗೆಯುವ ಮಾಂಗೋಡಂಪ್ ಓಡಲಿ, ಆ ಫೈಲು ಬೇರೆ ಯಂತ್ರಕ್ಕೆ ಹೋಗಲಿ. ನಾವು ಬೇರೆ ಏನೂ ಹೇಳದಿದ್ದರೆ ಪಾರ್ಸ್ ಸರ್ವರ್ ಫೋಟೋಗಳನ್ನೂ ಮಾಂಗೋ ಒಳಗೇ ಇಡುವುದರಿಂದ ಅವೂ ಆ ಡಂಪ್‌ನಲ್ಲೇ ಬರುತ್ತವೆ. ಕಂಪೋಸ್ ಫೈಲು, ಕೀಗಳಿರುವ ಡಾಟ್ ಎನ್ವ್ ಫೈಲು ಎರಡನ್ನೂ ಜೊತೆಗಿಡಿ, ಆದರೆ ಗಿಟ್‌ಹಬ್‌ಗೆ ಡಾಟ್ ಎನ್ವ್ ಹಾಕಬೇಡಿ.

ಆಗಾಗ ಒಂದು ದಿನ ಬಿಡುವು ಮಾಡಿಕೊಂಡು ಆ ಡಂಪನ್ನು ಇನ್ನೊಂದು ಯಂತ್ರದಲ್ಲಿ ಖಾಲಿ ಮಾಂಗೋ ಎಬ್ಬಿಸಿ ಮಾಂಗೋರಿಸ್ಟೋರ್ ಮಾಡಿ, ಪಾರ್ಸ್ ಸರ್ವರನ್ನು ಅದಕ್ಕೆ ಜೋಡಿಸಿ ನೋಡಿ. ಹಳೇ ಬಳಕೆದಾರನ ಹೆಸರಿನಲ್ಲಿ ಲಾಗಿನ್ ಆಗಬೇಕು, ಅವನ ಫೋಟೋ ತೆರೆಯಬೇಕು, ನಿನ್ನೆ ಬರೆದ ದಾಖಲೆ ಕಾಣಬೇಕು. ಮೂರೂ ಆದರೆ ಬ್ಯಾಕಪ್ ಸರಿಯಿದೆ. ನಮಸ್ಕಾರ.